ಕಾಫಿ ಬೀಜ, ರೈಲು ಬಾಡಿಗೆ, ರಂಗೋಲಿ ಪುಡಿ: ಅಮೆರಿಕದ ಗಿಲ್ಡೆಡ್ ಏಜ್ ಪಾಠ ಮಾಡುವ ಕ್ರಮ

ಹಾಸನ, ಚಿಕ್ಕಮಗಳೂರು ಕಡೆಯ ಕಾಲೇಜುಗಳಲ್ಲಿ ಅಮೆರಿಕದ ಇತಿಹಾಸ ಹೇಳಿಕೊಡುವವರಿಗೆ, ಗ್ರಂಥಾಲಯದಲ್ಲಿ ಕೂತು ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಗುಂಪುಗಳಿಗೆ ಈ ಬರಹ. ಗಿಲ್ಡೆಡ್ ಏಜ್, ಅಂದರೆ ಚಿನ್ನದ ಲೇಪದ ಯುಗ ಎಂದು ಕರೆಯುವ 1870ರಿಂದ 1900ರವರೆಗಿನ ಮೂವತ್ತು ವರ್ಷಗಳನ್ನು ಒಂದೊಂದು ಗಂಟೆಯ ನಾಲ್ಕು ತರಗತಿಗಳಲ್ಲಿ ಮುಗಿಸುವ ಕ್ರಮ ಇಲ್ಲಿದೆ.

ಈ ಪಾಠ ಕೆಡುವುದು ಹೆಚ್ಚಾಗಿ ಒಂದೇ ಕಡೆ. ಎಣ್ಣೆಯ ರಾಕ್‌ಫೆಲ್ಲರ್, ಉಕ್ಕಿನ ಕಾರ್ನೆಗಿ, ರೈಲಿನ ವ್ಯಾಂಡರ್‌ಬಿಲ್ಟ್, ಬ್ಯಾಂಕಿನ ಮಾರ್ಗನ್ ಎಂದು ಬೋರ್ಡಿನ ಮೇಲೆ ನಾಲ್ಕು ಹೆಸರು ಬೀಳುತ್ತವೆ. ಅರ್ಧ ತರಗತಿ ಅವರನ್ನು ಸಾಧಕರೆನ್ನುತ್ತದೆ, ಉಳಿದರ್ಧ ದರೋಡೆಕೋರರೆನ್ನುತ್ತದೆ, ಅಷ್ಟರಲ್ಲಿ ಗಂಟೆ ಹೊಡೆಯುತ್ತದೆ. ಆ ಕಾಲದಲ್ಲಿ ಸಂಪತ್ತು ಬೆಳೆಸಿದ ಏರ್ಪಾಡೇ ಅದನ್ನು ಕೆಲವರ ಕೈಯಲ್ಲಿ ಕೂಡಿಹಾಕಿತು ಎಂಬ ಮುಖ್ಯ ವಿಷಯ ಹಾಗೇ ಉಳಿದುಹೋಗುತ್ತದೆ. ಅದು ಮಕ್ಕಳ ತಲೆಗೆ ಹೋಗಬೇಕಾದರೆ ಅವರ ಕೈಯಿಂದಲೇ ಲೆಕ್ಕ ಮಾಡಿಸಬೇಕು. ಆದ್ದರಿಂದ ವ್ಯಕ್ತಿಗಳ ಜೀವನಚರಿತ್ರೆಯನ್ನು ಕೊನೆಗೆ ಇಟ್ಟುಕೊಳ್ಳಿ, ಇಲ್ಲವೇ ಮನೆಯಲ್ಲಿ ಓದಿಕೊಂಡು ಬರಲು ಹೇಳಿ.

ಬೇಕಾಗುವ ಸಾಮಾನು: ಹಸಿ (ಹುರಿಯದ) ಕಾಫಿ ಬೀಜ ಕಾಲು ಕೆ.ಜಿ., ಒಂದು ಗ್ರಾಂವರೆಗೆ ತೂಗುವ ಅಡುಗೆಮನೆ ತಕ್ಕಡಿ, ಹಳೆಯ ದಿನಪತ್ರಿಕೆ, ದಪ್ಪ ಸ್ಕೆಚ್ ಪೆನ್, ಬಣ್ಣದ ಕಾಗದದ 60 ಚೀಟಿ, ಉದ್ದದ ಅಳತೆ ಟೇಪು, ಹಗ್ಗ, ಎರಡು ಕೆ.ಜಿ. ರಂಗೋಲಿ ಪುಡಿ.

ಮೊದಲ ತರಗತಿ: ಸಾವಿರ ಬೀಜ, ನೂರು ಮನೆ

ಚಾರ್ಲ್ಸ್ ಸ್ಪಾರ್ ಎಂಬ ಅರ್ಥಶಾಸ್ತ್ರಜ್ಞ 1896ರಲ್ಲಿ ಪ್ರಕಟಿಸಿದ ಅಂದಾಜನ್ನು ಇಲ್ಲಿ ಬಳಸುತ್ತೇವೆ. ಅವನ ಲೆಕ್ಕದಲ್ಲಿ ಆಗ ಅಮೆರಿಕದಲ್ಲಿ 1 ಕೋಟಿ 25 ಲಕ್ಷ ಕುಟುಂಬಗಳಿದ್ದವು, ಅವುಗಳ ಒಟ್ಟು ಆಸ್ತಿ 6,500 ಕೋಟಿ ಡಾಲರ್. ಶೇ. 1ರಷ್ಟು ಕುಟುಂಬಗಳ ಬಳಿ ಆಸ್ತಿಯ ಶೇ. 51, ಅವರ ಕೆಳಗಿನ ಶೇ. 11ರ ಬಳಿ ಶೇ. 35, ಶೇ. 44ರಷ್ಟು ಮಧ್ಯಮ ಕುಟುಂಬಗಳ ಬಳಿ ಶೇ. 13ಕ್ಕೆ ಸ್ವಲ್ಪ ಕಡಿಮೆ, ಉಳಿದ ಶೇ. 44ರ ಬಳಿ ಶೇ. 1ಕ್ಕಿಂತ ತುಸು ಹೆಚ್ಚು.

ಮೊದಲು 100 ಬೀಜ ಎಣಿಸಿ ತೂಗಿ. ಆ ತೂಕದ ಹತ್ತರಷ್ಟು ಅಳೆದರೆ ಸಾವಿರ ಬೀಜ ಸಿಗುತ್ತವೆ. ಅರೇಬಿಕಾ ಆದರೆ ಸುಮಾರು 150ರಿಂದ 200 ಗ್ರಾಂ ಬರುತ್ತದೆ. ಒಂದೇ ಗ್ರೇಡಿನ ಬೀಜ ತನ್ನಿ. ಪೀಬೆರಿಯೋ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ದುಂಡು ಬೀಜ) ಒಡಕು ಬೀಜವೋ ಬೆರೆತಿದ್ದರೆ ತೂಕದ ಲೆಕ್ಕ ತಪ್ಪುತ್ತದೆ. ಮಳೆಗಾಲದಲ್ಲಿ ಹಸಿ ಬೀಜ ತೇವ ಎಳೆದುಕೊಂಡು ತೂಕ ಬದಲಾಗುವುದರಿಂದ ಎಣಿಕೆ, ತೂಕ ಎರಡನ್ನೂ ತರಗತಿಯ ದಿನವೇ ಮಾಡಿ.

ದಿನಪತ್ರಿಕೆಗಳನ್ನು ಅಂಟಿಸಿ ಹತ್ತು ಅಡ್ಡ, ಹತ್ತು ಉದ್ದದ ಚೌಕಗಳನ್ನು ಎಳೆಯಿರಿ. ಪ್ರತಿ ಚೌಕವೂ 1 ಲಕ್ಷ 25 ಸಾವಿರ ಕುಟುಂಬ. ಪ್ರತಿ ಬೀಜವೂ 6.5 ಕೋಟಿ ಡಾಲರ್. ಬೀಜ ಹಂಚುವ ಮೊದಲು ‘ನಿಮ್ಮ ಪ್ರಕಾರ ಹೇಗೆ ಹಂಚಿಹೋಗಿತ್ತು?’ ಎಂದು ಕೇಳಿ, ಅವರ ಊಹೆಯನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡಿ. ಈ ಹೆಜ್ಜೆ ಬಿಟ್ಟರೆ ಮುಂದಿನದು ಬರೀ ಪ್ರದರ್ಶನವಾಗುತ್ತದೆ. ಆಮೇಲೆ ಹಂಚಿ: ಒಂದು ಚೌಕಕ್ಕೆ 508 ಬೀಜ. ಒಂಬತ್ತು ಚೌಕಗಳಿಗೆ 32ರಂತೆ, ಎರಡಕ್ಕೆ 33ರಂತೆ. 38 ಚೌಕಗಳಿಗೆ ಮೂರು ಮೂರು, 6 ಚೌಕಗಳಿಗೆ ಎರಡೆರಡು. ಉಳಿದ 44 ಚೌಕಗಳಲ್ಲಿ 12ಕ್ಕೆ ಒಂದೊಂದು ಬೀಜ, 32 ಖಾಲಿ.

ಇಲ್ಲಿ ಎರಡು ತಪ್ಪು ಆಗುತ್ತವೆ. ಖಾಲಿ ಚೌಕ ಎಂದರೆ ಏನೂ ಇಲ್ಲದವರು ಎಂದು ಮಕ್ಕಳು ತಿಳಿಯುತ್ತಾರೆ. ಆ 55 ಲಕ್ಷ ಕುಟುಂಬಗಳ ಆಸ್ತಿಯನ್ನು ಒಟ್ಟು ಸೇರಿಸಿ ಭಾಗಿಸಿದರೆ ತಲಾ ಸುಮಾರು 145 ಡಾಲರ್ ಬರುತ್ತದೆ. ಒಂದು ಚೌಕದ ಪಾಲು ಒಂದು ಬೀಜದಷ್ಟೂ ಆಗುವುದಿಲ್ಲ, ಅಷ್ಟೇ. ಎರಡನೆಯದು, ಇದನ್ನು ಸಂಬಳದ ಹಂಚಿಕೆ ಎಂದುಕೊಳ್ಳುವುದು. ಇದು ಕೂಡಿಟ್ಟ ಆಸ್ತಿಯ ಲೆಕ್ಕ. ಅಲ್ಲದೆ ಇದು ಒಬ್ಬ ವಿದ್ವಾಂಸನ ಅಂದಾಜು ಎಂಬುದನ್ನು ತರಗತಿಯಲ್ಲಿ ಹೇಳಲೇಬೇಕು. ಜನಗಣತಿಯ ಅಂಕಿ ಎಂದು ಪರೀಕ್ಷೆಯಲ್ಲಿ ಬರೆದು ಅಂಕ ಕಳೆದುಕೊಳ್ಳಬಾರದು.

ಕಾಫಿ ನಾಡಿನ ಮಕ್ಕಳಿಗೆ ಇಷ್ಟವಾಗುವ ಸಂಗತಿಯೊಂದನ್ನು ಬೀಜ ಎತ್ತಿಡುವ ಹೊತ್ತಿಗೆ ಹೇಳಿ. ಅಮೆರಿಕದ ಮನೆಗಳಲ್ಲಿ ಬಹುಕಾಲ ಹಸಿ ಬೀಜ ಕೊಂಡು ಬಾಣಲೆಯಲ್ಲಿ ಹುರಿದುಕೊಳ್ಳುವ ರೂಢಿಯಿತ್ತು. ಜಾನ್ ಆರ್ಬಕಲ್ ಎಂಬ ವ್ಯಾಪಾರಿ 1873ರಿಂದ ಹುರಿದ ಬೀಜವನ್ನು ‘ಅರಿಯೋಸಾ’ ಹೆಸರಿನಲ್ಲಿ ಒಂದು ಪೌಂಡಿನ ಪೊಟ್ಟಣ ಮಾಡಿ ದೇಶದುದ್ದಕ್ಕೂ ಮಾರಿದ. ಪರಿಮಳ ಹೋಗದಿರಲೆಂದು ಬೀಜಕ್ಕೆ ಮೊಟ್ಟೆ ಮತ್ತು ಸಕ್ಕರೆಯ ಲೇಪ ಕೊಡುತ್ತಿದ್ದ. ಅವನು ಸಕ್ಕರೆ ಶುದ್ಧೀಕರಣಕ್ಕೂ ಕೈಹಾಕಿದಾಗ, ಹೆನ್ರಿ ಹ್ಯಾವ್‌ಮೆಯರ್‌ನ ಸಕ್ಕರೆ ಟ್ರಸ್ಟ್ (ಹಲವು ಕಂಪನಿಗಳನ್ನು ಒಂದೇ ಹಿಡಿತಕ್ಕೆ ತಂದ ಕೂಟ) ತಿರುಗಿ ಕಾಫಿ ಕಂಪನಿಯೊಂದನ್ನೇ ಕೊಂಡು ಬೆಲೆ ಇಳಿಸಿ ಅವನ ಮೇಲೆ ಬಿತ್ತು. ಈ ಸಕ್ಕರೆ ಟ್ರಸ್ಟ್ ನಾಲ್ಕನೇ ತರಗತಿಯಲ್ಲಿ ಮತ್ತೆ ಬೇಕಾಗುತ್ತದೆ.

ಎರಡನೇ ತರಗತಿ: ರೈಲು ಬಾಡಿಗೆ

ಇಡೀ ಪಾಠದ ತಿರುಳು ಇಲ್ಲಿದೆ. ಸಮಯ ಸಾಲದಿದ್ದರೆ ಬೇರೆ ಯಾವುದನ್ನಾದರೂ ಕತ್ತರಿಸಿ, ಇದನ್ನು ಮಾತ್ರ ಮುಟ್ಟಬೇಡಿ.

ಆರಂಭಕ್ಕೆ ಎರಡು ಅಂಕಿ ಸಾಕು. 1865ರಲ್ಲಿ ಅಮೆರಿಕದ ರೈಲು ಮಾರ್ಗ ಸುಮಾರು 35,000 ಮೈಲಿ, 1900ರಲ್ಲಿ ಸುಮಾರು 1,93,000 ಮೈಲಿ. ಎರಡನೆಯದು 3 ಲಕ್ಷ ಕಿ.ಮೀ. ಮೀರುತ್ತದೆ. ಇವತ್ತಿನ ಇಡೀ ಭಾರತದ ರೈಲು ಮಾರ್ಗ ಸುಮಾರು 69,000 ಕಿ.ಮೀ. ಎಂದರೆ ಅದರ ಗಾತ್ರ ಅಂದಾಜಾಗುತ್ತದೆ. ಆ ಹಳಿಗಳೆಲ್ಲ ಖಾಸಗಿ ಕಂಪನಿಗಳವು, ಬಾಡಿಗೆ ಅವರು ಹೇಳಿದ್ದೇ. ಕಡೂರು–ಚಿಕ್ಕಮಗಳೂರು ಮಾರ್ಗಕ್ಕೆ 2013ರವರೆಗೆ ಕಾದ ಜಿಲ್ಲೆಯ ಮಕ್ಕಳಿಗೆ ರೈಲು ಎಂದರೆ ಸರ್ಕಾರದ್ದೇ. ಈ ವ್ಯತ್ಯಾಸ ಹೇಳದೆ ಮುಂದೆ ಹೋದರೆ ಬಾಡಿಗೆಯ ಜಗಳ ಅವರಿಗೆ ಅರ್ಥವಾಗುವುದಿಲ್ಲ.

ಈಗ ಮೂರು ಮೇಜು ಹಾಕಿ. ಒಂದರಲ್ಲಿ ರೈಲು ಕಂಪನಿ. ಎರಡನೆಯದರಲ್ಲಿ ಓಹಿಯೋ ರಾಜ್ಯದ ಕ್ಲೀವ್‌ಲ್ಯಾಂಡ್ ಊರಿನ ‘ಒಳಗಿನ’ ರಿಫೈನರಿ (ಕಚ್ಚಾ ಎಣ್ಣೆಯಿಂದ ಸೀಮೆಎಣ್ಣೆ ತೆಗೆಯುವ ಕಾರ್ಖಾನೆ), ಅಂದರೆ ಮುಂದೆ ಹೇಳುವ ಕೂಟಕ್ಕೆ ಸೇರಿದ್ದು. ಮೂರನೆಯದರಲ್ಲಿ ‘ಹೊರಗಿನ’ ರಿಫೈನರಿ. ಒಂದು ಚೀಟಿ ಎಂದರೆ 10 ಸೆಂಟ್. ಎರಡೂ ರಿಫೈನರಿಗಳಿಗೆ 30 ಚೀಟಿಯಂತೆ ಕೊಡಿ. ಬಳಸುವ ದರಗಳು 1872ರ ಜನವರಿಯಲ್ಲಿ ಸೌತ್ ಇಂಪ್ರೂವ್‌ಮೆಂಟ್ ಕಂಪನಿ ಎಂಬ ಕೂಟವು ಪೆನ್ಸಿಲ್ವೇನಿಯಾ, ಈರಿ, ನ್ಯೂಯಾರ್ಕ್ ಸೆಂಟ್ರಲ್ ರೈಲುಗಳ ಜೊತೆ ಗುಟ್ಟಾಗಿ ಮಾಡಿಕೊಂಡ ಒಪ್ಪಂದದವು. ಕಚ್ಚಾ ಎಣ್ಣೆಯನ್ನು ಬಾವಿಯಿಂದ ಕ್ಲೀವ್‌ಲ್ಯಾಂಡಿಗೆ ತರಲು ಪೀಪಾಯಿಗೆ 80 ಸೆಂಟ್. ಸೀಮೆಎಣ್ಣೆಯನ್ನು ಅಲ್ಲಿಂದ ನ್ಯೂಯಾರ್ಕಿಗೆ ಸಾಗಿಸಲು 2 ಡಾಲರ್. ಕೂಟದ ಸದಸ್ಯರಿಗೆ ಮೊದಲನೆಯದರಲ್ಲಿ 40 ಸೆಂಟ್, ಎರಡನೆಯದರಲ್ಲಿ 50 ಸೆಂಟ್ ವಿನಾಯಿತಿ. ಒಂದು ಪೀಪಾಯಿ ಕಚ್ಚಾ ಎಣ್ಣೆಗೆ ಒಂದು ಪೀಪಾಯಿ ಸೀಮೆಎಣ್ಣೆ ಎಂದೇ ಇಟ್ಟುಕೊಳ್ಳಿ. ನಿಜದಲ್ಲಿ ಕಡಿಮೆ ಬರುತ್ತದೆ, ಆದರೆ ಲೆಕ್ಕ ಸುಲಭವಾಗಲಿ.

ಹೊರಗಿನವನು 28 ಚೀಟಿ ಎಣಿಸಿ ರೈಲಿಗೆ ಕೊಡಲಿ. ಒಳಗಿನವನು 19 ಕೊಡಲಿ. ಇಲ್ಲಿಗೆ ನಿಲ್ಲಿಸಿ ‘ಇದರಲ್ಲಿ ತಪ್ಪೇನು?’ ಎಂದು ಕೇಳಿ. ಹೆಚ್ಚು ಸರಕು ಹಾಕುವವನಿಗೆ ರಿಯಾಯಿತಿ ಸಿಗುವುದು ಸಹಜ, ಮಂಡಿಯಲ್ಲೂ ಹಾಗೇ ಎಂದು ಯಾರಾದರೂ ಹೇಳುತ್ತಾರೆ. ಆ ಮಾತನ್ನು ತಳ್ಳಿಹಾಕಬೇಡಿ, ಅದರಲ್ಲಿ ಹುರುಳಿದೆ. ಆಮೇಲೆ ರೈಲಿನ ಮೇಜಿನವನನ್ನು ಎಬ್ಬಿಸಿ. ಹೊರಗಿನವನು ಕೊಟ್ಟ 28ರಲ್ಲಿ 9 ಚೀಟಿಯನ್ನು ಎಲ್ಲರೂ ನೋಡುವಂತೆ ಒಯ್ದು ಒಳಗಿನವನ ಮೇಜಿನ ಮೇಲೆ ಇಡಲಿ. ಒಪ್ಪಂದದಲ್ಲಿ ಇದೂ ಇತ್ತು: ಪ್ರತಿಸ್ಪರ್ಧಿ ಸಾಗಿಸುವ ಪ್ರತಿ ಪೀಪಾಯಿಯ ಬಾಡಿಗೆಯಿಂದಲೂ ಕೂಟಕ್ಕೆ ಅಷ್ಟೇ ಪಾಲು. ಇದರ ಹೆಸರು ಡ್ರಾಬ್ಯಾಕ್. ಜೊತೆಗೆ ಯಾರು ಯಾರಿಗೆ ಎಷ್ಟು ಕಳಿಸಿದರು ಎಂಬ ಸರಕು ಪಟ್ಟಿಯನ್ನೂ ರೈಲುಗಳು ಕೂಟಕ್ಕೆ ತಲುಪಿಸಬೇಕಿತ್ತು. ಒಳಗಿನವನ ಕೈಯಿಂದ ನಿಜಕ್ಕೂ ಹೋದದ್ದು 10 ಚೀಟಿ, ಹೊರಗಿನವನಿಂದ 28. ತರಗತಿ ಒಮ್ಮೆ ಮೌನವಾಗುವುದು ಈ ಘಟ್ಟದಲ್ಲೇ.

ರೈಲು ಕಂಪನಿ ಇದಕ್ಕೆ ಏಕೆ ಒಪ್ಪಿತು ಎಂಬ ಪ್ರಶ್ನೆ ಬಂದೇ ಬರುತ್ತದೆ, ಬರದಿದ್ದರೆ ನೀವೇ ಕೇಳಿ. ಮೂರು ಕಂಪನಿಗಳೂ ಒಂದರ ಸರಕು ಇನ್ನೊಂದು ಕಸಿಯಲು ಬಾಡಿಗೆ ಇಳಿಸಿ ಇಳಿಸಿ ಸೋತಿದ್ದವು. ಒಪ್ಪಂದದಂತೆ ಪೆನ್ಸಿಲ್ವೇನಿಯಾಕ್ಕೆ ಸರಕಿನ ಶೇ. 45, ಉಳಿದೆರಡಕ್ಕೆ ಶೇ. 27.5ರಂತೆ ಖಾತ್ರಿ ಸಿಗುತ್ತಿತ್ತು, ಬಾಡಿಗೆಯೂ ಮೇಲೇರುತ್ತಿತ್ತು.

ಒಪ್ಪಂದ ಬಯಲಾದಾಗ ಎಣ್ಣೆ ಬಾವಿಗಳ ಊರುಗಳು ಸಿಡಿದೆದ್ದವು, ಮಾರ್ಚ್‌ನಲ್ಲಿ ರೈಲುಗಳು ಹಿಂದೆ ಸರಿದವು, ಏಪ್ರಿಲ್‌ನಲ್ಲಿ ಪೆನ್ಸಿಲ್ವೇನಿಯಾ ಶಾಸನಸಭೆ ಕೂಟದ ಸನ್ನದನ್ನೇ ರದ್ದು ಮಾಡಿತು. ಈ ದರದಲ್ಲಿ ಒಂದು ಪೀಪಾಯಿಯೂ ಸಾಗಲಿಲ್ಲ. ಆದರೆ ಆ ಕೆಲವೇ ವಾರಗಳಲ್ಲಿ, ಕೂಟದಲ್ಲಿದ್ದ ರಾಕ್‌ಫೆಲ್ಲರ್‌ನ ಸ್ಟ್ಯಾಂಡರ್ಡ್ ಆಯಿಲ್, ಕ್ಲೀವ್‌ಲ್ಯಾಂಡಿನ 26 ಪ್ರತಿಸ್ಪರ್ಧಿ ರಿಫೈನರಿಗಳಲ್ಲಿ 22ನ್ನು ಕೊಂಡುಬಿಟ್ಟಿತ್ತು. ಬಹಳ ನೋಟ್ಸ್‌ಗಳಲ್ಲಿ ‘ಈ ಒಪ್ಪಂದದಿಂದ ಸ್ಟ್ಯಾಂಡರ್ಡ್ ಆಯಿಲ್ ಅಗ್ಗವಾಗಿ ಎಣ್ಣೆ ಸಾಗಿಸಿತು’ ಎಂದಿರುತ್ತದೆ, ಅದು ತಪ್ಪು. ಕೆಲಸ ಮಾಡಿದ್ದು ಒಪ್ಪಂದದ ಭಯ.

ಇದರ ಪಕ್ಕದಲ್ಲೇ ಇನ್ನೊಂದು ಲೆಕ್ಕ ಮಾಡಿಸದಿದ್ದರೆ ಅನ್ಯಾಯವಾಗುತ್ತದೆ. ಸೌತ್ ಇಂಪ್ರೂವ್‌ಮೆಂಟ್‌ಗೂ ಮೊದಲು ಸ್ಟ್ಯಾಂಡರ್ಡ್ ಪಾಲುದಾರರು ಲೇಕ್ ಶೋರ್ ರೈಲಿಗೆ ದಿನಕ್ಕೆ 60 ವ್ಯಾಗನ್ ಎಣ್ಣೆ ತಪ್ಪದೆ ಕೊಡುವ ಮಾತು ಕೊಟ್ಟಿದ್ದರು. ಸಣ್ಣಪುಟ್ಟವರ ವ್ಯಾಗನ್‌ಗಳು ಬೇರೆ ಸರಕಿನ ಜೊತೆ ಸೇರಿ ನ್ಯೂಯಾರ್ಕಿಗೆ ಹೋಗಿಬರಲು 30 ದಿನ ಹಿಡಿಯುತ್ತಿತ್ತು. ಬರೀ ಎಣ್ಣೆಯ ಇಡೀ ಗಾಡಿ ಓಡಿಸಿದರೆ 10 ದಿನ ಸಾಕು. ಗುಣಿಸಿ ನೋಡಲಿ: 60 × 30 = 1,800 ವ್ಯಾಗನ್ ಬೇಕಿದ್ದ ಕಡೆ 60 × 10 = 600 ಸಾಕು. ಉಳಿತಾಯ ನಿಜವಾದದ್ದು, ಮುಂದೆ ಸೀಮೆಎಣ್ಣೆ ಅಗ್ಗವಾಗಿ ಬಡವರ ಮನೆಯಲ್ಲೂ ದೀಪ ಉರಿಯಲು ಇಂಥ ಉಳಿತಾಯಗಳೂ ಕಾರಣ. ಆದರೆ ದಿನಕ್ಕೆ 60 ವ್ಯಾಗನ್ ತುಂಬಿಸಬಲ್ಲವನಿಗೆ ಮಾತ್ರ ಆ ದರ. ಎರಡು ವ್ಯಾಗನ್‌ನವನು ಎಷ್ಟು ಜಾಣನಾದರೂ ಅವನಿಗೆ ದಾರಿಯಿಲ್ಲ. ಬೆಳವಣಿಗೆ ಮತ್ತು ಅಸಮಾನತೆಯನ್ನು ಒಂದೇ ಗುಣಾಕಾರದಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ಈ ಪಾಠದಲ್ಲಿಲ್ಲ.

ಉಳಿದ ಹದಿನೈದು ನಿಮಿಷ ರೈತರಿಗೆ. ಬೋರ್ಡಿನ ಮೇಲೆ ಹುಬ್ಬಳ್ಳಿ, ದಾವಣಗೆರೆ, ಬೀರೂರು, ಕಡೂರು, ಅರಸೀಕೆರೆ, ತುಮಕೂರು, ಬೆಂಗಳೂರು ಎಂದು ಸಾಲಾಗಿ ಬರೆಯಿರಿ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಎರಡು ಬೇರೆ ಬೇರೆ ಖಾಸಗಿ ರೈಲುಗಳು ಪೈಪೋಟಿಯಲ್ಲಿವೆ, ಅರಸೀಕೆರೆಗೆ ಮಾತ್ರ ಒಂದೇ ಎಂದು ಕಲ್ಪಿಸಿಕೊಳ್ಳಲು ಹೇಳಿ. ಕ್ವಿಂಟಾಲ್ ಸರಕಿಗೆ ಹುಬ್ಬಳ್ಳಿಯಿಂದ 60 ರೂಪಾಯಿ, ಅರಸೀಕೆರೆಯ ಕೊಬ್ಬರಿಗೆ 90 ರೂಪಾಯಿ. ಅಂಕಿಗಳು ಕಲ್ಪಿತ, ಆದರೆ ಅಮೆರಿಕದ ಮಧ್ಯಪಶ್ಚಿಮದ ಮೆಕ್ಕೆಜೋಳ, ಗೋಧಿ ಬೆಳೆಗಾರರು ಅನುಭವಿಸಿದ್ದು ಇದನ್ನೇ: ಹತ್ತಿರದ ಊರಿಗೆ ಹೆಚ್ಚು, ದೂರದ ಊರಿಗೆ ಕಡಿಮೆ. ಇದರ ವಿರುದ್ಧ ಗ್ರೇಂಜ್ ಎಂಬ ರೈತ ಸಂಘಟನೆ ಎದ್ದಿತು, ರಾಜ್ಯಗಳು ದರ ಮಿತಿ ಹಾಕಿದವು. 1877ರಲ್ಲಿ ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. 1886ರಲ್ಲಿ ವಬಾಶ್ ಪ್ರಕರಣದಲ್ಲಿ, ಗಡಿ ದಾಟುವ ಸರಕಿಗೆ ರಾಜ್ಯ ದರ ಕಟ್ಟುವಂತಿಲ್ಲ ಎಂದಿತು. ಅದಕ್ಕೇ ಕೇಂದ್ರ ಸರ್ಕಾರದಿಂದ 1887ರ ಅಂತರರಾಜ್ಯ ವಾಣಿಜ್ಯ ಕಾಯ್ದೆ ಬಂದದ್ದು. ಈ ಮೂರನ್ನು ಬಿಡಿಬಿಡಿಯಾಗಿ ಬಾಯಿಪಾಠ ಮಾಡಿಸಿದರೆ ಇಸವಿಗಳು ಅದಲುಬದಲಾಗುತ್ತವೆ. ಅರಸೀಕೆರೆಯ ಕೊಬ್ಬರಿಗೆ ಕಟ್ಟಿಹಾಕಿದರೆ ಒಂದರಿಂದ ಒಂದು ಹೊರಡುತ್ತದೆ.

ಮೂರನೇ ತರಗತಿ: ನೆಲದ ಮೇಲೆ ಒಂದು ಮನೆ

ನ್ಯೂಯಾರ್ಕಿನ ವಠಾರದ ಮನೆಯನ್ನು ನಿಜ ಅಳತೆಯಲ್ಲಿ ಮೈದಾನದಲ್ಲಿ ಎಳೆಯಿರಿ. ನಿವೇಶನ 25 ಅಡಿ ಅಗಲ, 100 ಅಡಿ ಉದ್ದ. ನಮ್ಮ ಕಡೆಯ ಎರಡು ಮೂವತ್ತು–ನಲವತ್ತು ಸೈಟು ಸೇರಿಸಿದರೆ 2,400 ಚದರಡಿ, ಇದು 2,500. ಕಟ್ಟಡ ಸುಮಾರು 90 ಅಡಿ ಆಳ. ಅಂತಸ್ತಿಗೆ ನಾಲ್ಕು ಮನೆ: ಬೀದಿ ಕಡೆಯ ಎರಡಕ್ಕೆ ನಾಲ್ಕು ನಾಲ್ಕು ಕೋಣೆ, ಹಿಂದಿನ ಎರಡಕ್ಕೆ ಮೂರು ಮೂರು, ಒಟ್ಟು 14. ದೊಡ್ಡ ಕೋಣೆ ಹತ್ತೂವರೆಗೆ ಹನ್ನೊಂದು ಅಡಿ, ಮಲಗುವ ಕೋಣೆ 7ಕ್ಕೆ ಎಂಟೂವರೆ ಅಡಿ. ನಡುವೆ ಎರಡೂ ಬದಿಗೆ ಕಟ್ಟಡವನ್ನು 28 ಅಂಗುಲ ಒಳಗೆ ಸರಿಸಿ ಗಾಳಿಗಿಂಡಿ ಬಿಡಿ. 14 ಕೋಣೆಗಳಲ್ಲಿ ಬೀದಿಗೋ ಹಿತ್ತಲಿಗೋ ನೇರ ತೆರೆದದ್ದು 4 ಮಾತ್ರ. ಆರು ಅಂತಸ್ತಿನ ಕಟ್ಟಡವಾದರೆ 24 ಮನೆ.

ಮಲೆನಾಡಿನ ಮಳೆಯಲ್ಲಿ ಮೈದಾನ ಸಿಗದಿದ್ದರೆ ಇಡೀ ಕಟ್ಟಡದ ಆಸೆ ಬಿಟ್ಟು ಮೊಗಸಾಲೆಯಲ್ಲಿ ಒಂದು ಮಲಗುವ ಕೋಣೆ, ಅದರ ಪಕ್ಕ ಗಾಳಿಗಿಂಡಿ ಇಷ್ಟೇ ಎಳೆಯಿರಿ. ಕೋಣೆಯೊಳಗೆ ನಾಲ್ವರು ಮಲಗುವಂತೆ ಕೂರಲಿ. ಮೂಲೆಗಳು ಲಂಬವಾಗಿ ಬರಲು ಹಗ್ಗದಲ್ಲಿ 3, 4, 5 ಅಡಿಯ ತ್ರಿಕೋನ ಹಿಡಿಯಿರಿ; ಕಣ್ಣಂದಾಜಿನಲ್ಲಿ ಎಳೆದರೆ ಕೋಣೆಗಳು ತಾನಾಗಿ ದೊಡ್ಡದಾಗುತ್ತವೆ, ಪಾಠದ ಬಿಗಿ ಹೋಗುತ್ತದೆ.

ಈ ನಕ್ಷೆ ಹುಟ್ಟಿದ್ದು ಸುಧಾರಣೆಯಿಂದ ಎಂಬುದನ್ನು ಹೇಳಲು ಮರೆಯಬೇಡಿ. 1879ರ ಕಾನೂನು ಮಲಗುವ ಕೋಣೆಗೆ ಕಿಟಕಿ ಕಡ್ಡಾಯ ಮಾಡಿತು. ಕಟ್ಟಿಸುವವರು ನೆಲ ಬಿಟ್ಟುಕೊಡದೆ ಕಿಟಕಿ ಕೊಡುವ ದಾರಿಯಾಗಿ ಈ ಗಿಂಡಿಯನ್ನು ಹಿಡಿದರು. ಬೆಳಕು ಬರಲಿಲ್ಲ. ಮೇಲಿನಿಂದ ಕಸ ಬಿತ್ತು, ಬೆಂಕಿ ಬಿದ್ದಾಗ ಗಿಂಡಿಯೇ ಹೊಗೆಗೂಡಾಗಿ ಜ್ವಾಲೆಯನ್ನು ಮೇಲಿನ ಅಂತಸ್ತುಗಳಿಗೆ ಎಳೆಯಿತು. 1901ರ ಕಾನೂನು ಇಂಥ ಹೊಸ ಕಟ್ಟಡಗಳನ್ನು ನಿಲ್ಲಿಸಿತು. ಪತ್ರಕರ್ತ ಜೇಕಬ್ ರೀಸ್ ತೆಗೆದ ವಠಾರಗಳ ಫೋಟೊಗಳನ್ನು ಮನೆ ಎಳೆದ ಮೇಲೆ ತೋರಿಸಿ. ಮೊದಲೇ ತೋರಿಸಿದರೆ ಮಕ್ಕಳು ಮುಖಗಳನ್ನು ನೋಡಿ ಮರುಗುತ್ತಾರೆ, ಗೋಡೆಗಳನ್ನು ಗಮನಿಸುವುದಿಲ್ಲ.

ತರಗತಿಯ ಕೊನೆಗೆ ಪುಲ್‌ಮನ್. ರೈಲು ಬೋಗಿ ಕಟ್ಟುವ ಜಾರ್ಜ್ ಪುಲ್‌ಮನ್ ಶಿಕಾಗೋ ಪಕ್ಕ ತನ್ನ ಕಾರ್ಮಿಕರಿಗೆ ಊರೇ ಕಟ್ಟಿಸಿದ್ದ, ಬಾಡಿಗೆ ಅವನಿಗೇ ಸಲ್ಲುತ್ತಿತ್ತು. 1893ರ ಆರ್ಥಿಕ ಕುಸಿತದ ನಂತರ ಕೂಲಿಯನ್ನು ಸರಾಸರಿ ಶೇ. 25ರಷ್ಟು ಇಳಿಸಿದ, ಮನೆ ಬಾಡಿಗೆ ಇಳಿಸಲಿಲ್ಲ, ಷೇರುದಾರರ ಲಾಭಾಂಶ ಶೇ. 8 ಹಾಗೇ ಉಳಿಯಿತು. ಕಲ್ಪಿತ ಅಂಕಿಯಲ್ಲಿ ಲೆಕ್ಕ ಮಾಡಿಸಿ: ಎರಡು ವಾರದ ಕೂಲಿ 18 ಡಾಲರ್, ಬಾಡಿಗೆ 7, ಕೈಗೆ 11. ಕಡಿತದ ನಂತರ ಕೂಲಿ 13.50, ಕೈಗೆ 6.50. ಕೂಲಿ ಕಾಲುಭಾಗ ಇಳಿದರೆ ಕೈಗೆ ಸಿಗುವುದು ಶೇ. 41ರಷ್ಟು ಇಳಿಯುತ್ತದೆ. ಎಸ್ಟೇಟಿನ ಲೈನ್ ಮನೆಗಳನ್ನು ಬಲ್ಲ ಮಕ್ಕಳು ಹೋಲಿಸಲು ಹೊರಡುತ್ತಾರೆ, ಹೋಲಿಸಲಿ. ಆದರೆ ನಮ್ಮಲ್ಲಿ 1951ರ ಪ್ಲಾಂಟೇಶನ್ ಲೇಬರ್ ಕಾಯ್ದೆ ಮನೆ ಒದಗಿಸುವುದನ್ನು ಮಾಲೀಕರ ಹೊಣೆ ಮಾಡಿತ್ತು, ಪುಲ್‌ಮನ್‌ನಲ್ಲಿ ಮನೆಯೂ ಲಾಭದ ವ್ಯಾಪಾರ ಎಂಬ ಭೇದವನ್ನು ಅವರೇ ಹುಡುಕುವಂತೆ ಮಾಡಿ.

ನಾಲ್ಕನೇ ತರಗತಿ: ಕಾನೂನು ಯಾರ ಮೇಲೆ ಬಿತ್ತು

ಬೋರ್ಡನ್ನು ಎರಡು ಭಾಗ ಮಾಡಿ. ನಡುವೆ 1890ರ ಷರ್ಮನ್ ಕಾಯ್ದೆ: ವ್ಯಾಪಾರಕ್ಕೆ ಅಡ್ಡಿಯಾಗುವ ಕೂಟಗಳು ಅಕ್ರಮ. ಎಡಕ್ಕೆ ಸಕ್ಕರೆ ಟ್ರಸ್ಟ್. ದೇಶದ ಸಕ್ಕರೆ ಶುದ್ಧೀಕರಣದ ಸುಮಾರು ಶೇ. 98 ಅದರ ಕೈಯಲ್ಲಿದ್ದರೂ 1895ರಲ್ಲಿ ಇ.ಸಿ. ನೈಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ತಯಾರಿಕೆ ಬೇರೆ, ವಾಣಿಜ್ಯ ಬೇರೆ ಎಂದು ಅದನ್ನು ಬಿಟ್ಟಿತು. ಬಲಕ್ಕೆ ಪುಲ್‌ಮನ್ ಮುಷ್ಕರ. 1894ರಲ್ಲಿ ಯೂಜೀನ್ ಡೆಬ್ಸ್‌ನ ರೈಲ್ವೆ ಒಕ್ಕೂಟ ಪುಲ್‌ಮನ್ ಬೋಗಿಗಳಿರುವ ಗಾಡಿ ಓಡಿಸಲು ನಿರಾಕರಿಸಿದಾಗ ಕೇಂದ್ರ ಸರ್ಕಾರದವರು ಅದೇ ಷರ್ಮನ್ ಕಾಯ್ದೆಯನ್ನು ಮುಂದೊಡ್ಡಿ ಕೆಳ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್, ಶಿಕಾಗೋ ಇರುವ ಇಲಿನಾಯ್ ರಾಜ್ಯದ ರಾಜ್ಯಪಾಲ ಆಲ್ಟ್‌ಗೆಲ್ಡ್ ಬೇಡವೆಂದರೂ ಸೇನೆ ಕಳಿಸಿದ. ಡೆಬ್ಸ್ ಜೈಲಿಗೆ ಹೋದ. ಎರಡೂ ಭಾಗ ತುಂಬಿದ ಮೇಲೆ ಮಕ್ಕಳಿಗೆ ಹೆಚ್ಚು ಹೇಳುವ ಅಗತ್ಯ ಬೀಳುವುದಿಲ್ಲ.

ಇದರ ಜೊತೆಗೆ ಜೋಸೆಫ್ ಕೆಪ್ಲರ್ 1889ರಲ್ಲಿ ಬರೆದ ಸೆನೆಟ್‌ನ (ಅಮೆರಿಕ ಸಂಸತ್ತಿನ ಮೇಲ್ಮನೆ) ವ್ಯಂಗ್ಯಚಿತ್ರವನ್ನು ಎ3 ಕಾಗದದಲ್ಲಿ ಮುದ್ರಿಸಿ ಗೋಡೆಗೆ ಹಾಕಿ. ಹಣದ ಚೀಲದಂಥ ಹೊಟ್ಟೆಯ ಟ್ರಸ್ಟ್‌ಗಳು ಸದಸ್ಯರ ಬೆನ್ನ ಹಿಂದೆ ನಿಂತಿವೆ. ಜನರ ಬಾಗಿಲು ಮುಚ್ಚಿದೆ. ಸೆನೆಟರುಗಳನ್ನು ಜನ ನೇರವಾಗಿ ಆರಿಸುವುದು 1913ರ 17ನೇ ತಿದ್ದುಪಡಿಯಿಂದ ಶುರುವಾಯಿತು ಎಂಬುದನ್ನು ಚಿತ್ರದ ಕೆಳಗೆ ಬರೆಯಿರಿ. ಎ4ನಲ್ಲಿ ಮುದ್ರಿಸಿದರೆ ಚೀಲಗಳ ಮೇಲಿನ ಹೆಸರು ಹಿಂದಿನ ಬೆಂಚಿಗೆ ಕಾಣುವುದಿಲ್ಲ.

ಹೋಮ್‌ಸ್ಟೆಡ್ ಉಕ್ಕಿನ ಕಾರ್ಖಾನೆಯ 1892ರ ಘರ್ಷಣೆ, 1877ರ ರೈಲ್ವೆ ಮುಷ್ಕರ, 1886ರ ಶಿಕಾಗೋದ ಹೇಮಾರ್ಕೆಟ್ ಬಾಂಬ್ ಪ್ರಕರಣ ಇವುಗಳನ್ನು ಒಂದೊಂದು ಸಾಲಿನಲ್ಲಿ ಹೇಳಿದರೆ ಸಾಕು. ಆದರೆ 1882ರಲ್ಲಿ ಚೀನೀ ಕಾರ್ಮಿಕರಿಗೆ ಬಾಗಿಲು ಮುಚ್ಚಿದ ಕಾನೂನು ಮತ್ತು ಕರಿಯರನ್ನು ಬೇರೆ ಬೋಗಿಯಲ್ಲಿ ಕೂರಿಸುವುದನ್ನು ಒಪ್ಪಿದ 1896ರ ಪ್ಲೆಸ್ಸಿ ತೀರ್ಪು ಇವೆರಡಕ್ಕೆ ಹತ್ತು ನಿಮಿಷ ಎತ್ತಿಡಿ. ಮೊದಲ ದಿನದ ಚೌಕಗಳಲ್ಲಿ ಯಾರು ಎಲ್ಲಿದ್ದರು ಎಂಬುದು ಇವಿಲ್ಲದೆ ತಿಳಿಯುವುದಿಲ್ಲ.

ಉತ್ತರ ತಿದ್ದುವಾಗ

ಕಿರುಪರೀಕ್ಷೆಗೆ ಒಂದೇ ಪ್ರಶ್ನೆ ಕೊಡಿ: ‘ಸೀಮೆಎಣ್ಣೆ ಅಗ್ಗವಾಯಿತು, ಸಣ್ಣ ರಿಫೈನರಿಗಳು ಮುಳುಗಿದವು, ಎರಡಕ್ಕೂ ಇದ್ದ ಸಮಾನ ಕಾರಣವನ್ನು ಅಂಕಿಗಳೊಂದಿಗೆ ವಿವರಿಸಿ.’ ಹತ್ತು ಅಂಕದಲ್ಲಿ ನಾಲ್ಕನ್ನು ವ್ಯಾಗನ್ ಲೆಕ್ಕಕ್ಕೆ, ಮೂರನ್ನು ಡ್ರಾಬ್ಯಾಕ್‌ಗೆ, ಎರಡನ್ನು 1887ರ ಕಾಯ್ದೆಗೆ, ಒಂದನ್ನು ಭಾಷೆಗೆ ಇಡಿ. ಮರುಕಳಿಸುವ ತಪ್ಪುಗಳು ಇವು: ಈ ಕಾಲವನ್ನು 1929ರ ಮಹಾಕುಸಿತದ ಜೊತೆ ಬೆರೆಸುವುದು, ಸ್ಟ್ಯಾಂಡರ್ಡ್ ಆಯಿಲ್ ಒಡೆದದ್ದು 1890ರಲ್ಲೇ ಎಂದು ಬರೆಯುವುದು (ಅದು ಆದದ್ದು 1911ರಲ್ಲಿ, 34 ಕಂಪನಿಗಳಾಗಿ), ಆಗಿನ ಡಾಲರನ್ನು ಇವತ್ತಿನ ದರದಲ್ಲಿ ರೂಪಾಯಿಗೆ ಗುಣಿಸುವುದು. ಮೂರನೆಯ ತಪ್ಪಿಗೆ ಅಂಕ ಕಳೆಯುವ ಬದಲು ಪಕ್ಕದಲ್ಲಿ ‘ಆಗಿನ ಎರಡು ವಾರದ ಕೂಲಿಯ ಎಷ್ಟನೇ ಪಾಲು?’ ಎಂದು ಬರೆದು ಉತ್ತರಪತ್ರಿಕೆ ಹಿಂದಿರುಗಿಸಿ, ಅವರೇ ತಿದ್ದಿ ತರಲಿ.